ರೆಟಿನಾಲ್ ಶುರು ಮಾಡಬೇಕೆಂದಿದ್ದೇನೆ, ಮುಖದಲ್ಲಿ ಬಂಗು ಇದೆ. ಹೇಗೆ ಹಚ್ಚಲಿ?

ದಾವಣಗೆರೆ ಟೀಚರ್ | ನವೆಂಬರ್ 20

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ದಾವಣಗೆರೆಯಲ್ಲಿ ಪ್ರೌಢಶಾಲೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದಿಂದ ಕಣ್ಣಿನ ಪಕ್ಕ ಗೆರೆ ಎದ್ದು ಕಾಣುತ್ತಿದೆ. ಹಣೆಯ ಮೇಲೂ ಇದೆ. ಕೆನ್ನೆಯ ಎರಡೂ ಕಡೆ ಬಂಗು ಬಂದು ಆರು ವರ್ಷವಾಯಿತು.

ದೀಪಾವಳಿಗೆ ಬಂದ ಮಗಳು ಬೆಂಗಳೂರಿಂದ ಒಂದು ರೆಟಿನಾಲ್ ಸೀರಮ್ ತಂದುಕೊಟ್ಟಳು. ಬಾಟಲಿ ಮೇಲೆ ಶೇ. 1 ಎಂದು ಬರೆದಿದೆ. ಇನ್ನೂ ಮುಚ್ಚಳ ತೆಗೆದಿಲ್ಲ. ರಾತ್ರಿ ಹಚ್ಚಬೇಕು ಎನ್ನುವುದಷ್ಟೇ ನನಗೆ ಗೊತ್ತು. ದಿನಾ ಹಚ್ಚಬೇಕಾ? ಎಷ್ಟು ಹಚ್ಚಬೇಕು? ನಮ್ಮ ಸಹೋದ್ಯೋಗಿ ಒಬ್ಬರಿಗೆ ಮುಖದ ಸಿಪ್ಪೆ ಎದ್ದಿತ್ತಂತೆ. ಅದನ್ನು ಕೇಳಿ ಭಯವಾಗಿದೆ.

ಬೆಳಿಗ್ಗೆ ಗ್ಲೈಕೋಲಿಕ್ ಆಸಿಡ್ ಇರುವ ಫೇಸ್‌ವಾಶ್‌ನಲ್ಲಿ ಮುಖ ತೊಳೆಯುತ್ತೇನೆ. ಎಂಟೂವರೆಗೆ ಸ್ಕೂಟಿ ಹತ್ತುತ್ತೇನೆ. ಸನ್‌ಸ್ಕ್ರೀನ್ ನೆನಪಾದ ದಿನ ಹಚ್ಚುತ್ತೇನೆ. ಸಂಜೆ ಬಂದ ಮೇಲೆ ಕಡ್ಲೆಹಿಟ್ಟು. ತಿಂಗಳಿಗೊಮ್ಮೆ ಹುಬ್ಬು, ಮೇಲ್ದುಟಿ ಥ್ರೆಡಿಂಗ್.

ಫೆಬ್ರವರಿ ಮೊದಲ ವಾರ ಮಗಳ ನಿಶ್ಚಿತಾರ್ಥ ಇದೆ. ಅಷ್ಟರೊಳಗೆ ಮುಖ ಸ್ವಲ್ಪ ಚೆನ್ನಾಗಿ ಕಂಡರೆ ಸಾಕು. ಗೊತ್ತಿರುವವರು ದಯವಿಟ್ಟು ತಿಳಿಸಿ.

ತುಮಕೂರು ಸುಮ | ನವೆಂಬರ್ 20

ಟೀಚರ್, ಈ ಕೆಮಿಕಲ್ ಎಲ್ಲಾ ಯಾಕೆ? ನಮ್ಮ ಅಜ್ಜಿ ಬಾವಂಚಿ ಬೀಜ ಪುಡಿ ಮಾಡಿ ಹಾಲಿನಲ್ಲಿ ಕಲಸಿ ಹಚ್ಚುತ್ತಿದ್ದರು. ಈಗ ಅದರಿಂದಲೇ ಬಾಕುಚಿಯಾಲ್ ಎಂಬ ಸೀರಮ್ ಮಾಡಿ ಮಾರುತ್ತಾರೆ. ರೆಟಿನಾಲ್‌ನಷ್ಟೇ ಕೆಲಸ ಮಾಡುತ್ತದಂತೆ. ಗ್ರಂಥಿಗೆ ಅಂಗಡಿಯಲ್ಲಿ ಪುಡಿ ಸಿಗುತ್ತದೆ, ಒಮ್ಮೆ ನೋಡಿ.

ಹುಬ್ಬಳ್ಳಿ ಫಾರ್ಮಸಿ | ನವೆಂಬರ್ 21

ಟೀಚರ್, ನಮಸ್ಕಾರ. ಮುಚ್ಚಳ ತೆಗೆಯುವ ಮೊದಲು ಕೇಳಿದಿರಲ್ಲ, ತುಂಬಾ ಒಳ್ಳೆಯದಾಯಿತು. ನಾನು ಹುಬ್ಬಳ್ಳಿಯ ಒಂದು ಔಷಧಿ ಅಂಗಡಿಯಲ್ಲಿ 15 ವರ್ಷದಿಂದ ಫಾರ್ಮಸಿಸ್ಟ್. ಚರ್ಮದ ಡಾಕ್ಟರ್ ಅಲ್ಲ. ನನ್ನ ಮುಖದ ಮೇಲೆ ಏನಾಯಿತು ಎನ್ನುವುದರಿಂದಲೇ ಶುರು ಮಾಡುತ್ತೇನೆ.

ನಾಲ್ಕು ವರ್ಷದ ಹಿಂದೆ, 39ಕ್ಕೆ, ನಾನೂ ಶೇ. 1ರ ರೆಟಿನಾಲ್ ತಂದೆ. ಔಷಧಿಗಳ ನಡುವೆಯೇ ಇರುವವಳು, ನನಗೇನಾಗುತ್ತದೆ ಎಂಬ ಧೈರ್ಯ. ಮೊದಲ ರಾತ್ರಿಯಿಂದಲೇ ದಿನಾ ಹಚ್ಚಿದೆ. ಐದನೇ ದಿನ ನೀರು ತಾಗಿದರೂ ಉರಿ. ಕೆಲಸ ಮಾಡುತ್ತಿದೆ ಅಂದುಕೊಂಡು ಮುಂದುವರಿಸಿದೆ. ಒಂಬತ್ತನೇ ದಿನ ಪಾರ್ಲರ್‌ಗೆ ಹೋಗಿ ಮೇಲ್ದುಟಿಗೆ ಥ್ರೆಡಿಂಗ್ ಮಾಡಿಸಿದೆ. ದಾರದ ಜೊತೆ ಚರ್ಮವೂ ಬಂತು. ಗಾಯ ನಾಲ್ಕು ದಿನದಲ್ಲಿ ಒಣಗಿತು. ಅಲ್ಲಿ ಆದ ಕಪ್ಪು ಕಲೆ ಹೋಗಲು ಐದು ತಿಂಗಳು ಬೇಕಾಯಿತು. ಆ ಐದು ತಿಂಗಳು ಕೌಂಟರ್‌ನಲ್ಲಿ ಮಾಸ್ಕ್ ತೆಗೆಯುತ್ತಿರಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಸಿಪ್ಪೆ ಏಳುವುದು ದೊಡ್ಡ ತೊಂದರೆಯಲ್ಲ. ಒಂದು ವಾರ ಬಿಟ್ಟರೆ ಹೋಗುತ್ತದೆ. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಉರಿ, ಕೆಂಪು, ಗಾಯ ಏನೇ ಆದರೂ ಚರ್ಮ ಆ ಜಾಗದಲ್ಲಿ ಜಾಸ್ತಿ ಬಣ್ಣ ತಯಾರಿಸುತ್ತದೆ. ಉರಿ ಇಳಿದ ಮೇಲೂ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಂಗು ಇರುವವರಿಗಂತೂ ಉರಿಯೇ ಶತ್ರು. ಬಿಳಿ ಚರ್ಮದವರು ವಿಡಿಯೋದಲ್ಲಿ 'ಎರಡು ವಾರ ತಡೆದುಕೊಳ್ಳಿ' ಎಂದು ಹೇಳುವುದನ್ನು ನಾವು ಹಾಗೇ ತೆಗೆದುಕೊಳ್ಳಬಾರದು.

ಈಗ ರೆಟಿನಾಲ್ ಅಂದರೆ ಏನು ಎನ್ನುವುದು. ಅದು ವಿಟಮಿನ್ ಎ. ಹಚ್ಚಿದ ಮೇಲೆ ಚರ್ಮದೊಳಗೆ ಮೊದಲು ರೆಟಿನಾಲ್ಡಿಹೈಡ್ ಆಗುತ್ತದೆ, ಆಮೇಲೆ ರೆಟಿನೋಯಿಕ್ ಆಸಿಡ್. ಕೆಲಸ ಮಾಡುವುದು ಆ ಕೊನೆಯದು. ಹಳೆಯ ಪದರ ಬೇಗ ಉದುರಿ ಹೊಸದು ಬರುತ್ತದೆ, ಕೆಳಗೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜೆನ್ ಎಂಬ ಪ್ರೋಟೀನ್ ಹೆಚ್ಚುತ್ತದೆ, ಸಣ್ಣ ಗೆರೆ ಕಡಿಮೆಯಾಗುತ್ತದೆ. ಡಾಕ್ಟರ್ ಚೀಟಿಯ ಮೇಲೆ ಕೊಡುವ ಟ್ರೆಟಿನಾಯಿನ್ ಎಂದರೆ ನೇರವಾಗಿ ಆ ರೆಟಿನೋಯಿಕ್ ಆಸಿಡ್ಡೇ. ಅದಕ್ಕೇ ಅದು ಜೋರು, ರೆಟಿನಾಲ್ ನಿಧಾನ. ಚರ್ಮ ನುಣುಪಾಗಿ ಕಾಣಲು ಸುಮಾರು 12 ವಾರ, ಗೆರೆಯಲ್ಲಿ ವ್ಯತ್ಯಾಸ ಕಾಣಲು ಆರು ತಿಂಗಳು ಎಂದಿಟ್ಟುಕೊಳ್ಳಿ.

ಅಂದಮೇಲೆ ಫೆಬ್ರವರಿ ಲೆಕ್ಕ ಬಿಟ್ಟುಬಿಡಿ ಟೀಚರ್. ನಿಮಗೆ ಇರುವುದು 11 ವಾರ. ಈ ಹೊತ್ತಿನಲ್ಲಿ ಅವಸರ ಮಾಡಿದರೆ ಫೋಟೋದಲ್ಲಿ ಕಾಣುವುದು ಗೆರೆ ಅಲ್ಲ, ಕಲೆ. ಫೆಬ್ರವರಿಗೆ ನಿಮ್ಮ ಮುಖ ಚೆನ್ನಾಗಿ ಕಾಣುವಂತೆ ಮಾಡುವುದು ಸನ್‌ಸ್ಕ್ರೀನ್ ಮಾತ್ರ. ಅದನ್ನು ನಾಳೆಯಿಂದಲೇ ಹಚ್ಚಿ. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ತೋರುಬೆರಳು, ಮಧ್ಯದ ಬೆರಳು, ಎರಡರ ಉದ್ದಕ್ಕೂ ಹಿಂಡಿದರೆ ಬರುವಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ನಾವು ಹಚ್ಚುವುದು ಅದರ ಕಾಲು ಭಾಗ, ಅಲ್ವಾ? ಮಧ್ಯಾಹ್ನ ಊಟದ ನಂತರ ಇನ್ನೊಮ್ಮೆ. ಬಂಗು ಇರುವುದರಿಂದ ಚರ್ಮದ ಬಣ್ಣದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಕಪ್ಪಾಗುತ್ತದೆ. ಅದನ್ನು ತಡೆಯಲು ಬಿಳಿ ಸನ್‌ಸ್ಕ್ರೀನ್ ಸಾಲದು. ಇದು ಒಂದು ತಿಂಗಳು ತಪ್ಪದೆ ರೂಢಿಯಾದ ಮೇಲೆ ರೆಟಿನಾಲ್ ವಿಷಯ.

ಆ ಶೇ. 1ರ ಬಾಟಲಿ ಈಗ ಬೇಡ. ಶೇ. 0.2 ಅಥವಾ 0.3ರದು ಸಾಕು. ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ಬಂದ ನಿಯಮದ ಪ್ರಕಾರ ಮುಖಕ್ಕೆ ಹಚ್ಚುವ ಸೌಂದರ್ಯವರ್ಧಕಗಳಲ್ಲಿ ರೆಟಿನಾಲ್ ಶೇ. 0.3 ಮೀರುವಂತಿಲ್ಲ. ಇಲ್ಲಿ ಶೇ. 1 ಸುಮ್ನೆ ಆನ್‌ಲೈನ್‌ನಲ್ಲಿ ಸಿಗುತ್ತದೆ ಎಂದ ಮಾತ್ರಕ್ಕೆ ಅದು ಹೊಸಬರಿಗೆ ಎಂದು ಅರ್ಥವಲ್ಲ. ಕೊಳ್ಳುವಾಗ ಗಾಳಿ, ಬೆಳಕು ಹೋಗದ ಪಂಪ್ ಬಾಟಲಿ ಅಥವಾ ಅಲ್ಯೂಮಿನಿಯಂ ಟ್ಯೂಬ್ ನೋಡಿ. ಗಾಳಿ, ಬೆಳಕು ತಾಗಿದರೆ ರೆಟಿನಾಲ್ ಕೆಡುತ್ತದೆ. ಕಿಟಕಿ ಪಕ್ಕ ಇಡಬೇಡಿ.

ಹಚ್ಚುವ ರೀತಿ ಹೇಳುತ್ತೇನೆ, ನಾನು ಎರಡನೇ ಸಲ ಶುರು ಮಾಡಿದಾಗ ಮಾಡಿದ್ದು ಹೀಗೆ. ಬುಧವಾರ ಮತ್ತು ಭಾನುವಾರ ಮಾತ್ರ. ರಾತ್ರಿ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ತೊಳೆದು, ಟವೆಲ್‌ನಿಂದ ಒತ್ತಿ ಒರೆಸಿ, ಅಡುಗೆಮನೆ ಒರೆಸಿ ಗ್ಯಾಸ್ ಆಫ್ ಮಾಡಿ ಬರುವಷ್ಟು ಹೊತ್ತು ಬಿಡುತ್ತಿದ್ದೆ. ಸುಮಾರು 20 ನಿಮಿಷ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ. ಮೂಗಿನ ಸಂದಿ, ತುಟಿಯ ಎರಡು ಮೂಲೆ, ಕಣ್ಣಿನ ಮೂಲೆಗೆ ಚೂರು ವ್ಯಾಸಲೀನ್. ಈ ಜಾಗಗಳೇ ಮೊದಲು ಬಿರಿಯುವುದು. ಆಮೇಲೆ ತೆಳುವಾಗಿ ಮಾಯಿಶ್ಚರೈಸರ್, ಅದರ ಮೇಲೆ ರೆಟಿನಾಲ್, ಅದರ ಮೇಲೆ ಮತ್ತೆ ಮಾಯಿಶ್ಚರೈಸರ್. ರೆಟಿನಾಲ್ ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ಹರಡಿ. ರೆಪ್ಪೆ ಮೇಲೆ ಬೇಡ. ಗೆರೆ ಇರುವ ಕಡೆ ಎಂದು ಜಾಸ್ತಿ ಹಚ್ಚಬೇಡಿ. ನಾಲ್ಕೈದು ವಾರ ಉರಿ ಇಲ್ಲದಿದ್ದರೆ ಆಗ ವಾರಕ್ಕೆ ಮೂರು ದಿನ. ದಿನಾ ಹಚ್ಚಲೇಬೇಕು ಎಂದೇನಿಲ್ಲ. ನಾನು ಈಗಲೂ ವಾರಕ್ಕೆ ಮೂರೇ.

ಸ್ವಲ್ಪ ಒಣಗುವುದು, ಹೊಟ್ಟಿನಂತೆ ಏಳುವುದು ಮೊದಲ ವಾರಗಳಲ್ಲಿ ಇರುತ್ತದೆ. ಉರಿ, ಕೆಂಪು, ಊತ ಬಂದರೆ ನಿಲ್ಲಿಸಿ. ಬರೀ ಮಾಯಿಶ್ಚರೈಸರ್ ಹಚ್ಚಿ, ಚರ್ಮ ಪೂರ್ತಿ ಸರಿಯಾದ ಮೇಲೆ ವಾರಕ್ಕೆ ಒಂದು ದಿನದಿಂದ ಮತ್ತೆ ಶುರು ಮಾಡಬಹುದು.

ಗ್ಲೈಕೋಲಿಕ್ ಫೇಸ್‌ವಾಶ್ ಒಳಗಿಡಿ. ಅದೂ ಪದರ ತೆಗೆಯುವುದೇ, ಎರಡೂ ಸೇರಿದರೆ ಹೊರೆ. ಕಡ್ಲೆಹಿಟ್ಟಿನಲ್ಲಿ ಉಜ್ಜುವುದೂ ಬೇಡ, ನಿಂಬೆರಸ ಬೇಡವೇ ಬೇಡ. ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್, ಫೇಶಿಯಲ್ ಏನೇ ಇದ್ದರೂ ಒಂದು ವಾರ ಮೊದಲೇ ರೆಟಿನಾಲ್ ನಿಲ್ಲಿಸಿ. ಪಾರ್ಲರ್‌ನವರಿಗೂ ಹೇಳಿ.

ಸುಮ ಅವರೇ, ನಿಮ್ಮ ಅಜ್ಜಿ ಹೇಳಿದ ಗಿಡದಿಂದಲೇ ಬಾಕುಚಿಯಾಲ್ ಬರುವುದು, ನಿಜ. 44 ಜನರ ಮೇಲೆ 12 ವಾರ ಮಾಡಿದ ಒಂದು ಪರೀಕ್ಷೆಯಲ್ಲಿ ಅದು ರೆಟಿನಾಲ್‌ನಷ್ಟೇ ಕೆಲಸ ಮಾಡಿತು, ಸಿಪ್ಪೆ ಏಳುವುದು ಕಡಿಮೆ ಇತ್ತು. ಆದರೆ ಅದು ಶುದ್ಧ ಮಾಡಿದ್ದು. ಬಾವಂಚಿ ಬೀಜದಲ್ಲಿ ಸೋರಲೆನ್ ಎಂಬ ಇನ್ನೊಂದು ವಸ್ತು ಇದೆ. ತೊನ್ನಿನ ಚಿಕಿತ್ಸೆಯಲ್ಲಿ ಬಳಸುವ ಗುಂಪಿನದು. ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗುಳ್ಳೆ ಏಳಬಹುದು. ಸ್ಕೂಟಿಯಲ್ಲಿ ಓಡಾಡುವ ಟೀಚರ್‌ಗೆ ಪುಡಿ ಖಂಡಿತ ಬೇಡ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಒಂದು ಪ್ರಶ್ನೆ ಉಳಿಯಿತು ಟೀಚರ್. ಬಂಗಿಗೆ ಈಗ ಏನಾದರೂ ಹಚ್ಚುತ್ತಿದ್ದೀರಾ? ನೀವು ಬರೆದಿಲ್ಲ.

ತುಮಕೂರು ಸುಮ | ನವೆಂಬರ್ 21

ಬೇಜಾರೇನಿಲ್ಲ ಅಕ್ಕ. ಅಜ್ಜಿ ಹಚ್ಚಿದ ದಿನ ಹೊರಗೆ ಹೋಗಬೇಡ ಎನ್ನುತ್ತಿದ್ದರು. ಯಾಕೆ ಅಂತ ಇವತ್ತು ಗೊತ್ತಾಯಿತು.

ದಾವಣಗೆರೆ ಟೀಚರ್ | ನವೆಂಬರ್ 21

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಮೇಡಂ. ಬಂಗಿಗೆ ಒಂದು ಟ್ಯೂಬ್ ಹಚ್ಚುತ್ತೇನೆ. ಅದು ಮಾಮೂಲಿ ಕ್ರೀಮ್ ಎಂದು ಬರೆಯಲಿಲ್ಲ. ಪಕ್ಕದ ಮನೆಯವರು ಹೇಳಿದ್ದು. ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಕೊಡುತ್ತಾರೆ. ಒಂದೂವರೆ ವರ್ಷವಾಯಿತು. ಮೊದಲ ಎರಡು ತಿಂಗಳು ಮುಖ ಎಷ್ಟು ಬೆಳ್ಳಗಾಯಿತು ಎಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ಈಗ ಎರಡು ದಿನ ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ, ಅದಕ್ಕೇ ಬಿಡುವುದಿಲ್ಲ. ಕೆನ್ನೆ ಮೇಲೆ ಸಣ್ಣ ಕೂದಲೂ ಬಂದಿದೆ. ವಯಸ್ಸಿಗೆ ಇರಬೇಕು ಅಂದುಕೊಂಡೆ.

ಟ್ಯೂಬ್ ನೋಡಿ ಬರೆಯುತ್ತಿದ್ದೇನೆ: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಟ್ರೆಟಿನಾಯಿನ್ ಅಂದರೆ ನೀವು ಮೇಲೆ ಹೇಳಿದ್ದೇ ಅಲ್ವಾ?

ಹುಬ್ಬಳ್ಳಿ ಫಾರ್ಮಸಿ | ನವೆಂಬರ್ 21

ಹೌದು ಟೀಚರ್, ಅದೇ. ರೆಟಿನಾಲ್‌ಗಿಂತ ಜೋರಾದದ್ದನ್ನು ನೀವು ಒಂದೂವರೆ ವರ್ಷದಿಂದ ಹಚ್ಚುತ್ತಲೇ ಇದ್ದೀರಿ. ಅದರ ಮೇಲೆ ಶೇ. 1ರ ರೆಟಿನಾಲ್ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಎದೆ ಝಲ್ ಎನ್ನುತ್ತದೆ. ಆ ಬಾಟಲಿ ಮುಟ್ಟಬೇಡಿ.

ಮೊದಲನೆಯದು, ಹೈಡ್ರೋಕ್ವಿನೋನ್, ಕಲೆ ತಿಳಿ ಮಾಡುವುದು. ಆದರೆ ನನಗೆ ಹೆಚ್ಚು ಚಿಂತೆ ಮೂರನೇ ಹೆಸರಿನದು. ಮೊಮೆಟಾಸೋನ್ ಸ್ಟಿರಾಯ್ಡ್. ಇಂಥ ಮೂರರ ಮಿಶ್ರಣವನ್ನು ಅಮೆರಿಕದ ವೈದ್ಯರಾದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ 1975ರಲ್ಲಿ ಮೊದಲು ಪ್ರಕಟಿಸಿದರು. ಅದರಲ್ಲಿದ್ದ ಸ್ಟಿರಾಯ್ಡ್ ಬೇರೆ, ಪ್ರಮಾಣ ಬೇರೆ. ಔಷಧ ಕೆಟ್ಟದ್ದಲ್ಲ. ಡಾಕ್ಟರ್ ನೋಡಿಕೊಂಡು, ಸಾಮಾನ್ಯವಾಗಿ 8 ವಾರದ ಮಟ್ಟಿಗೆ ಕೊಡುವಂಥದ್ದು. ಅದನ್ನು ಫೇರ್‌ನೆಸ್ ಕ್ರೀಮ್ ತರಹ ವರ್ಷಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ರಕ್ತನಾಳ ಕಾಣುತ್ತವೆ, ಕೂದಲು ಬರುತ್ತದೆ, ಬಿಟ್ಟ ತಕ್ಷಣ ಕೆಂಪಾಗಿ ಉರಿಯುತ್ತದೆ. ನೀವು ಬರೆದದ್ದು ಹೆಚ್ಚುಕಡಿಮೆ ಇದೇ. ವಯಸ್ಸಿನ ಕೂದಲು ಎನ್ನುವುದಕ್ಕಿಂತ ಇದು ಕ್ರೀಮಿನದು ಎಂದೇ ನನಗೆ ಅನ್ನಿಸುತ್ತದೆ.

ಇದು ನಿಮ್ಮ ತಪ್ಪಲ್ಲ ಟೀಚರ್. ಚೀಟಿ ಇಲ್ಲದೆ ಕೊಡಬಾರದ ಔಷಧ ಅದು. ಕೌಂಟರ್‌ನ ಈ ಕಡೆ ನಿಂತಿರುವ ನಮ್ಮ ಕೆಲಸವೇ ಅದನ್ನು ಕೇಳುವುದು. ನನ್ನ ಬಳಿಯೂ ದಿನಕ್ಕೆ ಮೂರು ನಾಲ್ಕು ಜನ ಖಾಲಿ ಟ್ಯೂಬ್ ಹಿಡಿದು ಬರುತ್ತಾರೆ. ಚೀಟಿ ಕೇಳಿದರೆ ಮುಖ ಸಿಂಡರಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ. ನೋವಾಗುತ್ತದೆ.

ಈ ವಾರವೇ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ನಿಮ್ಮೂರಿನ ಜೆಜೆಎಂ ಮೆಡಿಕಲ್ ಕಾಲೇಜಿನಲ್ಲೇ ಚರ್ಮರೋಗ ವಿಭಾಗ ಇದೆ. ಟ್ಯೂಬ್, ಸೀರಮ್ ಬಾಟಲಿ, ಫೇಸ್‌ವಾಶ್ ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಕ್ರೀಮ್ ಇವತ್ತೇ ಪೂರ್ತಿ ಬಿಡಬೇಕಾ, ಹಂತಹಂತವಾಗಿ ಬಿಡಬೇಕಾ ಎನ್ನುವುದನ್ನು ಅವರು ಮುಖ ನೋಡಿ ಹೇಳಬೇಕು. ನಾನು ಇಲ್ಲಿಂದ ಹೇಳುವುದು ಸರಿಯಲ್ಲ. ಸನ್‌ಸ್ಕ್ರೀನ್ ಮಾತ್ರ ನಾಳೆಯಿಂದಲೇ.

ಶಿರಸಿ ಹುಡುಗಿ | ನವೆಂಬರ್ 23

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನಗೆ 33. ಮಗುವಿಗೆ ಐದು ತಿಂಗಳು, ಹಾಲು ಕುಡಿಸುತ್ತಿದ್ದೇನೆ. ಶೇ. 0.3 ಆದರೆ ನಾನು ಹಚ್ಚಬಹುದಾ?

ಹುಬ್ಬಳ್ಳಿ ಫಾರ್ಮಸಿ | ನವೆಂಬರ್ 23

ಈಗ ಬೇಡಮ್ಮ. ಬಸುರಿಯಾಗಿದ್ದಾಗ, ಮಗು ಬೇಕೆಂದು ಪ್ರಯತ್ನಿಸುತ್ತಿರುವಾಗ ರೆಟಿನಾಲ್, ಟ್ರೆಟಿನಾಯಿನ್, ಮೊಡವೆಗೆ ಹಚ್ಚುವ ಅಡಾಪಲೀನ್ ಯಾವುದನ್ನೂ ಹಚ್ಚಬಾರದು. ಇದೇ ಗುಂಪಿನ ಐಸೊಟ್ರೆಟಿನಾಯಿನ್ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ದೊಡ್ಡ ಅಪಾಯ. ಹಚ್ಚುವುದರಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಆದರೂ ಮುಖದ ಗೆರೆಗಾಗಿ ಯಾರೂ ಆ ಪ್ರಯೋಗ ಮಾಡಬಾರದು. ಹಾಲು ಕುಡಿಸುವಾಗಲೂ ಕಾಯುವುದೇ ಒಳ್ಳೆಯದು. ಮಗು ಕೆನ್ನೆಗೆ ಕೆನ್ನೆ ಒತ್ತಿ ಮಲಗುತ್ತದೆ, ಅಲ್ವಾ? ಅಲ್ಲಿಯವರೆಗೆ ಸನ್‌ಸ್ಕ್ರೀನ್, ಒಂದು ಒಳ್ಳೆಯ ಮಾಯಿಶ್ಚರೈಸರ್. ಮಗು ಹಾಲು ಬಿಟ್ಟ ಮೇಲೆ ಬನ್ನಿ.

ನ್ಯೂಜೆರ್ಸಿ ಕನ್ನಡತಿ | ನವೆಂಬರ್ 24

ಇಲ್ಲಿ ಅಡಾಪಲೀನ್ ಶೇ. 0.1 ಅನ್ನು 2016ರಿಂದ ಚೀಟಿ ಇಲ್ಲದೆ ಮೊಡವೆಗೆ ಕೊಡುತ್ತಾರೆ. ನಾನು ಹಚ್ಚುತ್ತೇನೆ. ಡಿಸೆಂಬರ್‌ನಲ್ಲಿ ಮನೆಯೊಳಗೆ ಹೀಟರ್ ಹಾಕಿದ ಮೇಲೆ ಅಕ್ಕ ಹೇಳಿದ ಹಾಗೆ ಕೆಳಗೆ ಮೇಲೆ ಮಾಯಿಶ್ಚರೈಸರ್ ಇಲ್ಲದಿದ್ದರೆ ಆಗುವುದೇ ಇಲ್ಲ. ಧಾರವಾಡದಲ್ಲಿರುವ ಅಮ್ಮನಿಗೂ ಚಳಿಗಾಲದಲ್ಲಿ ಕೆನ್ನೆ ಬಿರಿಯುತ್ತದೆ. ಅವರಿಗೆ ಡಿಸೆಂಬರ್, ಜನವರಿ ಬಿಟ್ಟು ಶುರು ಮಾಡು ಎಂದೆ.

ದಾವಣಗೆರೆ ಟೀಚರ್ | ಜುಲೈ 14

ಮೇಡಂ, ನೆನಪಿದೆಯಾ? ಎಂಟು ತಿಂಗಳಾಯಿತು. ನಿಮಗೆ ಹೇಳದೆ ಇರಲು ಮನಸ್ಸಾಗಲಿಲ್ಲ.

ನೀವು ಹೇಳಿದ ನಾಲ್ಕನೇ ದಿನ ಚೀಲ ಹಿಡಿದು ಡಾಕ್ಟರ್ ಹತ್ತಿರ ಹೋದೆ. ಮುಖ ನೋಡಿದ ತಕ್ಷಣ 'ಎಷ್ಟು ತಿಂಗಳಿಂದ ಈ ಕ್ರೀಮ್' ಎಂದು ಕೇಳಿದರು. ನಾನಿನ್ನೂ ಟ್ಯೂಬ್ ಹೊರಗೆ ತೆಗೆದಿರಲಿಲ್ಲ. ಬೇರೆ ಮುಲಾಮು ಕೊಟ್ಟು ನಿಧಾನವಾಗಿ ಬಿಡಿಸಿದರು. ಡಿಸೆಂಬರ್, ಜನವರಿ ತುಂಬಾ ಕಷ್ಟವಾಯಿತು. ರಾತ್ರಿ ಉರಿಗೆ ಒದ್ದೆ ಬಟ್ಟೆ ಇಟ್ಟುಕೊಂಡು ಮಲಗುತ್ತಿದ್ದೆ. ಬಂಗು ಮೊದಲಿಗಿಂತ ಕಪ್ಪಾಗಿ ಎದ್ದು ಬಂತು. ಕನ್ನಡಿ ಮುಂದೆ ಅತ್ತಿದ್ದೂ ಇದೆ. ಡಾಕ್ಟರ್ ಮೊದಲೇ ಹೇಳಿದ್ದರಿಂದ ಹಳೇ ಟ್ಯೂಬಿಗೆ ಕೈ ಹಾಕಲಿಲ್ಲ.

ನಿಶ್ಚಿತಾರ್ಥಕ್ಕೆ ಸನ್‌ಸ್ಕ್ರೀನ್, ಅದರ ಮೇಲೆ ಸ್ವಲ್ಪ ಪೌಡರ್, ಅಷ್ಟೇ. ಫೋಟೋದಲ್ಲಿ ಕೆನ್ನೆ ಕೆಂಪಗಿದೆ. ಮಗಳು ಅದನ್ನೇ ಫ್ರೇಮ್ ಹಾಕಿಸಿದ್ದಾಳೆ.

ಮೇ ತಿಂಗಳಲ್ಲಿ ಡಾಕ್ಟರ್ ಈಗ ಬೇಕಾದರೆ ರೆಟಿನಾಲ್ ಶುರು ಮಾಡಿ ಎಂದರು. ಶೇ. 0.2. ಜೂನ್ ಮೊದಲ ಭಾನುವಾರ ಹಚ್ಚಿದೆ. ಮೊದಲ ಎರಡು ವಾರ ಭಾನುವಾರ ಮಾತ್ರ, ಆಮೇಲೆ ಬುಧವಾರವೂ ಸೇರಿಸಿದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕುತ್ತೇನೆ. ನಾಲ್ಕನೇ ವಾರ ತುಟಿಯ ಮೂಲೆಯಲ್ಲಿ ಹೊಟ್ಟು ಎದ್ದಿತು. ಒಂದು ವಾರ ಬಿಟ್ಟೆ, ಹೋಯಿತು. ವ್ಯಾಸಲೀನ್ ಮರೆತಿದ್ದೆ. ಗೆರೆ ಹಾಗೇ ಇದೆ, ಆರು ವಾರಕ್ಕೆ ಹೋಗುವುದಿಲ್ಲ ಎಂದು ಗೊತ್ತು. ಬಂಗು ಪೂರ್ತಿ ಹೋಗಿಲ್ಲ, ತಿಳಿಯಾಗಿದೆ. ಮುಖಕ್ಕೆ ನೀರು ಹಾಕಿದರೆ ಉರಿಯುವುದಿಲ್ಲ. ಒಂದೂವರೆ ವರ್ಷದ ನಂತರ ತಣ್ಣೀರು ತಣ್ಣಗೆ ಅನ್ನಿಸುತ್ತಿದೆ ಮೇಡಂ.

ಶೇ. 1ರ ಬಾಟಲಿಯನ್ನು ಮಗಳಿಗೆ ವಾಪಸ್ ಕೊಟ್ಟಿದ್ದೆ. ಮದುವೆ ಆದ ಮೇಲೆ ಮಗುವಿನ ಯೋಚನೆ ಇದ್ದರೆ ಹಚ್ಚಬೇಡ ಎಂದು ನಿಮ್ಮ ಮಾತನ್ನೇ ಓದಿ ಹೇಳಿದೆ. ಬಾಟಲಿ ಎಸೆದಳು.

ಶ್ರಾವಣದಲ್ಲಿ ಮದುವೆ. ಅರಿಶಿನದ ಶಾಸ್ತ್ರದ ದಿನ ನನ್ನ ಮುಖಕ್ಕೂ ಹಚ್ಚದೆ ಬಿಡುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಲಿ?

ಹುಬ್ಬಳ್ಳಿ ಫಾರ್ಮಸಿ | ಜುಲೈ 14

ಟೀಚರ್! ಓದಿ ಕಣ್ಣು ತುಂಬಿತು. ಎಷ್ಟೋ ಜನ ಜನವರಿಯಲ್ಲೇ ಹಳೇ ಟ್ಯೂಬಿಗೆ ವಾಪಸ್ ಹೋಗುತ್ತಾರೆ.

ಶಾಸ್ತ್ರಕ್ಕೆ ಒಂದು ವಾರ ಮೊದಲು ನಿಲ್ಲಿಸಿ. ಮದುವೆ ಮುಗಿದು ನಾಲ್ಕು ದಿನ ಆದ ಮೇಲೆ ಮತ್ತೆ ಶುರು ಮಾಡಿ. ಮನೆಯಲ್ಲೇ ಕೊಂಬು ತೇಯ್ದ ಅರಿಶಿನ ಇರಲಿ. ಅದಕ್ಕೆ ನಿಂಬೆಹಣ್ಣು ಹಿಂಡದಂತೆ ಒಬ್ಬರು ಪಕ್ಕದಲ್ಲೇ ನಿಂತು ನೋಡಿಕೊಳ್ಳಲಿ. ಮಗಳಿಗೆ ನನ್ನ ಶುಭಾಶಯ ತಿಳಿಸಿ.